ಗಾಜಿನ ಗೆರೆ, ಹಾವಿನ ಗೆರೆ

ಅಫ್ಜಲುನ್ನೀಸಾ ಶಿರಾದ ಅರ್ಧ ಊರನ್ನು ಮೊದಲು ಕಂಡದ್ದು ಗಾಜಿನ ನೆಗೆಟಿವ್ ಪ್ಲೇಟಿನ ಮೇಲೆ. ಅಲ್ಲಿ ಮೀಸೆ ಬೆಳ್ಳಗೆ, ಹಲ್ಲು ಕಪ್ಪಗೆ, ಮದುಮಗನ ಬಿಳಿ ಶೇರ್ವಾನಿ ಇದ್ದಿಲಿನ ಬಣ್ಣ. ಪ್ಲೇಟನ್ನು ತಲೆಕೆಳಗಾಗಿ ಇಟ್ಟುಕೊಂಡು ನೋಡುವುದು ಆಕೆಯ ಪದ್ಧತಿ. ನೇರವಾಗಿಟ್ಟರೆ ಮನುಷ್ಯ ಕಾಣುತ್ತಾನೆ, ಕಲೆ ಕಾಣುವುದಿಲ್ಲ ಎನ್ನುತ್ತಿದ್ದಳು. ಹಾಗಾಗಿ ಮದುವೆಮನೆಯಲ್ಲಿ ಹೆಂಗಸರ ನಡುವೆ ಕುಳಿತಾಗ ಎದುರು ಬಂದವರ ಹೆಸರು ಗೊತ್ತಿಲ್ಲದಿದ್ದರೂ, ಇವರ ಬಲಗೆನ್ನೆಯ ಸಿಡುಬಿನ ಕುಳಿ ತುಂಬಿದವಳು ನಾನು, ಇವರ ಹುಬ್ಬಿನ ಗಾಯ ಮುಚ್ಚಿದವಳು ನಾನು ಎಂದು ಒಳಗೊಳಗೇ ಗುರುತು ಹಿಡಿಯುತ್ತಿದ್ದಳು. ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಫೋಟೋ ಚೆನ್ನಾಗಿ ಬಂದರೆ ಅದು ಸ್ಟುಡಿಯೋ ಜಹೀರ್ ಅಹಮದನ ಕೈಚಳಕವೆಂದೇ ಊರು ತಿಳಿದಿತ್ತು. ಪರದೆಯ ಹಿಂದೆ ಅವನ ಹೆಂಡತಿ ಕುಳಿತು ಮುಖ ತಿದ್ದುತ್ತಾಳೆಂಬುದು ಮನೆಯವರನ್ನು ಬಿಟ್ಟರೆ ಬೆಣ್ಣೆ ತರುವ ಭೀಮಕ್ಕನಿಗೆ ಮಾತ್ರ ಗೊತ್ತಿತ್ತು.

ಕೈ ಹದವಾದದ್ದು ತವರಿನಲ್ಲಿ. ತಂದೆ ನಬೀ ಸಾಬ್ ಪೇಟೆಬೀದಿಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದರು. ಅಂಗಡಿಯ ಹಿಂಭಾಗವೇ ಮನೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಚಿಮಟದಲ್ಲಿ ಸಾಸಿವೆಗಿಂತ ಚಿಕ್ಕ ತಿರುಪು ಎತ್ತಲು ಕಲಿಸಿದರು. “ಕೈ ನಿಲ್ಲಿಸೋಕೆ ಹೋಗಬೇಡ ಬೇಟಿ. ಉಸಿರು ನಿಲ್ಲಿಸು, ಕೈ ತಾನೇ ನಿಲ್ತದೆ” ಎಂಬುದು ಅವರ ಪಾಠ. ಮದುವೆಯಾಗಿ ಹೋಗುವಾಗ ಹಳೆಯ ಗಡಿಯಾರದ ಸ್ಪ್ರಿಂಗನ್ನು ಮುರಿದು, ಸಾಣೆ ಹಿಡಿದು, ಒಂದು ಸಣ್ಣ ಚಾಕು ಮಾಡಿಕೊಟ್ಟರು. ಯಾತಕ್ಕೆಂದು ಅವರಿಗೂ ಗೊತ್ತಿರಲಿಲ್ಲ. ಕೈಯಲ್ಲಿ ಒಂದು ಸಾಮಾನಿರಲಿ ಎಂದಷ್ಟೇ.

ಜಹೀರನ ಸ್ಟುಡಿಯೋ ಬಸ್ ನಿಲ್ದಾಣದ ಹತ್ತಿರ. ಆಗೆಲ್ಲ ಅವನು ಪ್ಲೇಟುಗಳನ್ನು ತುಮಕೂರಿಗೆ ಕಳಿಸಿ ತಿದ್ದಿಸುತ್ತಿದ್ದ. ತಿದ್ದಿ ಬಂದ ಮುಖಗಳೆಲ್ಲ ಸುಲಿದ ಮೊಟ್ಟೆಯ ಹಾಗಿರುತ್ತಿದ್ದವು. ಮದುವೆಯಾದ ವರ್ಷ, ಒಂದು ಫೋಟೋ ನೋಡಿ ಹೊಸ ಹೆಂಡತಿ ಮೆಲ್ಲಗೆ ಕೇಳಿದಳು:

“ಅಜೀ, ಇವರು ನಮ್ಮ ಅಮ್ಮನ ತಂಗಿ, ಖಾಲಾ ಅಲ್ವಾ? ಇವರ ಮೂಗಿನ ಪಕ್ಕದ ಮಡಿಕೆ ಎಲ್ಲಿ ಹೋಯ್ತು?”

“ತುಮಕೂರಲ್ಲಿ ಇಳಿದೋಯ್ತು” ಎಂದ ಜಹೀರ್.

ಆಮೇಲೆ ಅವನೇ ಕೆಲಸ ಕಲಿಸಿದ. ಹಿತ್ತಿಲ ಕಿಟಕಿಯ ಬಳಿ ಇಳಿಜಾರಾದ ಒಂದು ಡೆಸ್ಕು. ಅದರ ನಡುವೆ ಮಬ್ಬು ಗಾಜು, ಕೆಳಗೆ ಬೆಳಕನ್ನು ಮೇಲೆತ್ತಲು ಒಂದು ಕನ್ನಡಿ. ಚಿತ್ರದಲ್ಲಿ ಕಪ್ಪಾಗಿ ಬರುವ ಕಲೆ ಪ್ಲೇಟಿನಲ್ಲಿ ತಿಳಿಯಾಗಿರುತ್ತದೆ. ಅದಕ್ಕೆ ಸೂಜಿಯಂತೆ ಹೆರೆದ ಸೀಸದಕಡ್ಡಿಯಿಂದ ಬಣ್ಣ ತುಂಬಬೇಕು. ಚಿತ್ರದಲ್ಲಿ ಬಿಳಿಯಾಗಿ ಬರುವುದು ಪ್ಲೇಟಿನಲ್ಲಿ ಕಪ್ಪಾಗಿರುತ್ತದೆ. ಅದನ್ನು ಚಾಕುವಿನ ತುದಿಯಿಂದ ಪದರ ಪದರವಾಗಿ ಕೆರೆದು ತೆಗೆಯಬೇಕು. ಸೀಸದಕಡ್ಡಿಯ ತಪ್ಪನ್ನು ಹತ್ತಿಯಿಂದ ಒರೆಸಬಹುದು. ಚಾಕುವಿನ ತಪ್ಪಿಗೆ ಮದ್ದಿಲ್ಲ. ಆದರೂ ಕೆಟ್ಟ ಪ್ಲೇಟುಗಳನ್ನು ಗಂಡ ಹೆಂಡತಿ ಎಸೆಯುತ್ತಿರಲಿಲ್ಲ. ಬಿಸಿ ಸೋಡಾನೀರಿನಲ್ಲಿ ನೆನೆಸಿ, ಮೇಲಿನ ಪದರ ತೊಳೆದುಬಿಟ್ಟರೆ ಒಳ್ಳೆಯ ಗಾಜು ಉಳಿಯುತ್ತಿತ್ತು. ಅದನ್ನು ಫೋಟೋಗಳಿಗೆ ಕಟ್ಟು ಹಾಕಲು ಬಳಸುತ್ತಿದ್ದರು.

ಅಪ್ಪ ಕೊಟ್ಟ ಸ್ಪ್ರಿಂಗಿನ ಚಾಕು ಹೀಗೆ ಕೆಲಸಕ್ಕೆ ಬಂತು. ಅಫ್ಜಲುನ್ನೀಸಾ ತನಗೆ ತಾನೇ ಒಂದು ನಿಯಮವನ್ನೂ ಹಾಕಿಕೊಂಡಳು: ಪ್ರತಿ ಮುಖದಲ್ಲೂ ಒಂದು ಗೆರೆ ಬಿಡಬೇಕು. ಎಷ್ಟೇ ವಯಸ್ಸು ತೆಗೆದರೂ ಒಂದು ಗೆರೆ. ಇಲ್ಲದಿದ್ದರೆ ಮನೆಯವರಿಗೇ ಗುರುತು ಹತ್ತುವುದಿಲ್ಲ.

ಸಾವಿರದ ಒಂಬೈನೂರ ಅರವತ್ತೊಂದರ ಮಳೆಗಾಲ ಮುಗಿಯುತ್ತಿದ್ದಾಗ ಮಧುಗಿರಿಯಿಂದ ಚನ್ನಮಲ್ಲಯ್ಯ ಮೇಷ್ಟ್ರು ಸ್ಟುಡಿಯೋಗೆ ಬಂದರು. ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಶಾಲೆಯ ಹಿಂದೆ, ಬೆಟ್ಟದ ಬಂಡೆ ನೆರಳು ಬೀಳುವ ಕಡೆಗೊಂದು ಕೋಣೆಯಲ್ಲಿ ಗಾಜಿನ ಮುಖವಿಟ್ಟ ಮರದ ಪೆಟ್ಟಿಗೆಗಳನ್ನು ಮಾಡಿಸಿ ಹಾವು, ಉಡ, ಆಮೆ ಸಾಕಿದ್ದರು. ಜನ ಅದನ್ನು ಮೇಷ್ಟ್ರ ಜೂ ಎನ್ನುತ್ತಿದ್ದರು. ಭಾನುವಾರ ಕೋರ್ಟಿನ ವಕೀಲರ ಮನೆಯವರು ಕೂಡ ಬಂದು ನೋಡಿ ಹೋಗುತ್ತಿದ್ದರು.

“ಈ ನಾಲ್ಕು ತಾಲ್ಲೂಕಲ್ಲಿ ಹಾವು ಕಂಡರೆ ಹೊಡೀತಾರೆ. ಯಾವ ಹಾವು ಅಂತ ಕೇಳಿದರೆ ಉದ್ದಕಿತ್ತು ಅಂತಾರೆ” ಎಂದರು ಮೇಷ್ಟ್ರು. ವಿಷದ ಹಾವು ನಾಲ್ಕೇ: ನಾಗರ, ಕೊಳಕುಮಂಡಲ, ಗರಗಸಮಂಡಲ, ಕಟ್ಟುಹಾವು. ಅವುಗಳ ನಿಜವಾದ ಫೋಟೋ ಹಾಕಿ ಒಂದು ಚಾರ್ಟು ಅಚ್ಚು ಹಾಕಿಸಿ, ಶಾಲೆ, ಆಸ್ಪತ್ರೆ, ಚಾವಡಿಗಳಲ್ಲಿ ತೂಗುಹಾಕಬೇಕೆಂಬುದು ಅವರ ಆಸೆ. “ನೋಡಿದವರು ಗುರುತು ಹಿಡೀಬೇಕು ಸಾಬ್ರೇ. ಅಷ್ಟಾದರೆ ಒಂದೆರಡು ಜೀವ ಉಳೀತವೆ.”

ಜಹೀರ್ ಹಲ್ಲಿಗೂ ಹೆದರುವವನು. ಆದರೂ ಹೋಗಿ ಬಂದ. ಬಂದವನು ಹೆಂಡತಿ ಕೊಟ್ಟ ಚಹಾ ಹಿಡಿದು ಡೆಸ್ಕಿನ ಪಕ್ಕ ಕುಳಿತ.

“ಎಲ್ಲಕ್ಕಿಂತ ನಾಗರಹಾವೇ ಒಳ್ಳೆ ಗಿರಾಕಿ. ಎದೆ ಸೆಟೆಸಿ ಕೂತ್ಕೊಂತು, ಪೇಟ ಸುತ್ತಿದ ಶಾನುಭೋಗರ ಥರ. ರೆಡಿ ಅನ್ನೋದೂ ಬೇಕಾಗಲಿಲ್ಲ.”

“ಮಿಕ್ಕಿದ್ದು?”

“ಮಂಡಲ ಎರಡೂ ಬುಸುಗುಟ್ಟಿಕೊಂಡು ಬಿದ್ದಿದ್ವು. ಆ ಕಟ್ಟುಹಾವು ಅಂತಾರಲ್ಲ, ಅದು ಹಗಲೆಲ್ಲಾ ಸುರುಳಿ ಸುತ್ತಿ ತಲೆ ಒಳಗಿಟ್ಕೊಂಡು ಮಲಗಿರ್ತದೆ. ಪರದೆ ಹೆಣ್ಣು.”

“ಮುಖ ತೋರಿಸಲಿಲ್ವಾ?”

“ನಾನೇನು ಅದರ ಬುರ್ಕಾ ಎತ್ತಿ ನೋಡಲಾ?” ಎಂದ ಜಹೀರ್. ಆಮೇಲೆ ಕಟ್ಟುಹಾವಿನ ಪ್ಲೇಟನ್ನು ಮಬ್ಬು ಗಾಜಿನ ಮೇಲಿಟ್ಟು ತೋರಿಸಿದ. “ಪೆಟ್ಟಿಗೆಯ ಗಾಜು ನೋಡು, ಶೈತಾನ್. ಎದುರಿನ ಕಿಟಕಿ ಸರಳುಗಳ ಸಂದಿ ಬೆಳಕೆಲ್ಲಾ ಅದರ ಮೈಮೇಲೆ ಹೊಳೆದುಬಿಟ್ಟಿದೆ. ಆ ಬಿಳಿ ಗೆರೆ ಅಷ್ಟೂ ತೆಗೆದುಬುಡು. ಇನ್ನೊಂದು ಪ್ಲೇಟಲ್ಲಿ ಹಾವು ಅಲ್ಲಾಡಿಬಿಡ್ತು, ಅದು ಹಾಳು. ತೊಳೆಯೋಕೆ ಇಡು.” ಇಷ್ಟು ಹೇಳಿ ಕ್ಯಾಮೆರಾ ಹೊತ್ತು ಬಡವನಹಳ್ಳಿಯ ಮದುವೆಗೆ ಹೊರಟ.

ಕನ್ನಡಕ ಹಾಕಿದ ಗಿರಾಕಿಗಳ ಕಣ್ಣಿನ ಮೇಲಿಂದ ಇಂಥ ಹೊಳಪು ತೆಗೆದು ಆಕೆಗೆ ಅಭ್ಯಾಸ. ಪೆಟ್ಟಿಗೆಯಲ್ಲಿದ್ದ ಮರಳು ಬೆಳ್ಳಗಿದ್ದದ್ದರಿಂದ ಅದರ ಮೇಲೆ ಗೆರೆ ಕಾಣುತ್ತಿರಲಿಲ್ಲ. ಕನ್ನಡಿಯಂತೆ ಮಿನುಗುವ ಕರೀ ಮೈಯ ಮೇಲಷ್ಟೇ ಕಾಣುತ್ತಿದ್ದವು. ಕೆಲವು ನೆಟ್ಟಗೆ, ಕೆಲವು ಬಾಗಿ. ಬಾಗಿದವನ್ನು ಕಂಡು ಆಕೆ ಒಂದು ಗಳಿಗೆ ಚಾಕು ತಡೆದಳು. ಅಗ್ಗದ ಗಾಜಿನಲ್ಲಿ ಅಲೆಯಿರುತ್ತದೆ, ಅದರಲ್ಲಿ ನೆಟ್ಟಗಿನ ಸರಳೂ ಬಾಗುತ್ತದೆ ಎಂದುಕೊಂಡು ಮತ್ತೆ ಶುರು ಮಾಡಿದಳು. ಹಾವನ್ನು ಆಕೆ ಜೀವಮಾನದಲ್ಲಿ ಸರಿಯಾಗಿ ನೋಡಿದ್ದಿಲ್ಲ. ಹಿತ್ತಿಲಲ್ಲಿ ಒಂದು ಸಲ ಕಂಡಿತ್ತಂತೆ. ಆಗ ಆಕೆಯನ್ನು ಒಳಗೆ ಹಾಕಿ ಬಾಗಿಲು ಮುಚ್ಚಿದ್ದರು. ಅಪ್ಪ ಹೇಳಿದಂತೆ ಉಸಿರು ಬಿಗಿಹಿಡಿದು, ಒಂದೊಂದೇ ಗೆರೆಯನ್ನು ನವುರಾಗಿ ಕೆರೆದು, ಮೈಯನ್ನು ಒಂದೇ ಬಣ್ಣಕ್ಕೆ ತಂದಳು.

ಮರುದಿನ ಜಹೀರ್ ಪ್ರಿಂಟು ಹಾಕಿ ನೋಡಿ, “ವಾಹ್, ಎಣ್ಣೆ ಸವರಿದ ಹಾಗಿದೆ” ಎಂದ. ಮಧುಗಿರಿಯಲ್ಲಿದ್ದಾಗ ಆ ಹಾವನ್ನು ಅವನು ಕ್ಯಾಮೆರಾದೊಳಗೆ ತಲೆಕೆಳಗಾಗಿ ನೋಡಿದ್ದೇ ಹೆಚ್ಚು, ನೇರವಾಗಿ ನೋಡುವ ಧೈರ್ಯ ಮಾಡಿರಲಿಲ್ಲ. ನಾಲ್ಕು ಚಿತ್ರಗಳನ್ನೂ ಲಕೋಟೆಯಲ್ಲಿಟ್ಟು ಮಧುಗಿರಿ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟ. ಮೇಷ್ಟ್ರು ಆ ವಾರ ಕೊರಟಗೆರೆಯಲ್ಲಿ ಪರೀಕ್ಷೆಯ ಕೆಲಸದ ಮೇಲಿದ್ದರು. ಶನಿವಾರ ಬಂದು, ಲಕೋಟೆ ತೆಗೆದುಕೊಂಡು, ಅಂದೇ ಸಂಜೆಯ ಬಸ್ಸಿಗೆ ಬೆಂಗಳೂರಿನ ಅಚ್ಚುಕೂಟಕ್ಕೆ ಹೋಗುವವರಿದ್ದರು.

ಶುಕ್ರವಾರ ಮಧ್ಯಾಹ್ನ ಭೀಮಕ್ಕ ಬೆಣ್ಣೆ ತಂದಳು. ಪಟ್ಟನಾಯಕನಹಳ್ಳಿಯ ಆಚೆಗಿನ ಹಟ್ಟಿಯವಳು. ಗಂಡ ಕ್ಯಾತಣ್ಣ ಕುರಿ ಕಾಯುತ್ತಿದ್ದ. ಹಿತ್ತಿಲ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕುಳಿತು ಒಂದು ಲೋಟ ಚಹಾ ಕುಡಿಯುವ ತನಕ ಹಟ್ಟಿಯ ಸುದ್ದಿ ಹೇಳುವುದು ಅವಳ ವಾಡಿಕೆ. ಅಫ್ಜಲುನ್ನೀಸಾ ಬೆಣ್ಣೆಯನ್ನು ಗಡಿಗೆಗೆ ಹಾಕುತ್ತಾ ಹಾವಿನ ಫೋಟೋಗಳ ಮಾತೆತ್ತಿದಳು.

“ಆ ಹೆಸ್ರು ಎತ್ತಬ್ಯಾಡ ಬೂಬಮ್ಮ, ಹುಳ ಅನ್ನು” ಎಂದಳು ಭೀಮಕ್ಕ. ಚಹಾ ಒಂದು ಗುಟುಕು ಕುಡಿದು, “ನಮ್ಮ ಮುದ್ದಪ್ಪನ್ನ ತಗಂಡೋಗಿದ್ದು ಅದೇಯ” ಎಂದಳು.

ಮುದ್ದಪ್ಪ ಅವಳ ತಮ್ಮ. ಹೋದ ವರ್ಷ ತೀರಿಕೊಂಡದ್ದು ಅಫ್ಜಲುನ್ನೀಸಾಳಿಗೆ ಗೊತ್ತಿತ್ತು, ಹೇಗೆಂದು ಭೀಮಕ್ಕ ಹೇಳಿರಲಿಲ್ಲ.

“ಕಳ್ಳೇಕಾಯಿ ರಾಶಿ ಪಕ್ಕ ಕಂಬ್ಳಿ ಹಾಸ್ಕಂಡು ನೆಲದ ಮ್ಯಾಲೆ ಮಲಗಿದ್ದ. ಬೆಳಿಗ್ಗೆ ಎದ್ದು ಅಕ್ಕಾ ಹೊಟ್ಟೆನೋವು ಅಂದ. ಹಸೀ ಕಳ್ಳೇಕಾಯಿ ತಿಂದಿದೀಯ ಬುಡ್ಲಾ ಅಂದೆ. ನಾನೇ ಅಂದಿದ್ದು. ಕಣ್ಣು ಮುಚ್ಚಿ ಮುಚ್ಚಿ ಬತ್ತಿತ್ತು. ನಿದ್ದೆಗೆಟ್ಟವ್ನೆ, ಮಲಿಕ್ಕಳ್ಳಿ ಅಂದ್ವಿ. ಮಧ್ಯಾನಕ್ಕೆಲ್ಲಾ ಉಸಿರು ನಿಂತೋಯ್ತು. ಮೈಮ್ಯಾಲೆ ಒಂದು ಗಾಯ ಇಲ್ಲ. ಆಮ್ಯಾಕೆ ಕಂಬ್ಳಿ ಕೊಡವಿದ್ರೆ ಅಡೀಲಿ ಇತ್ತು ನೋಡು.”

“ಹೆಂಗಿತ್ತು ಭೀಮಕ್ಕ?”

“ಕರ್ರಗೆ. ಮೈಯೆಲ್ಲಾ ಬಿಳೇ ದಾರ ಸುತ್ತಿದಂಗೆ. ಎಳೇ ಕೂಸಿಗೆ ಬೆಳ್ಳಿ ಕಡಗ ಇಕ್ಕಿರ್ತಾರಲ್ಲ, ಅಂಗೆ. ನೋಡಾಕೆ ಚೆಂದ ಕಣಮ್ಮ, ಅದಕ್ಕೇ ನಂಗೆ ಸಿಟ್ಟು.” ಚಹಾ ಮುಗಿಸಿ ಎದ್ದಳು. “ನಿಮ್ಮ ಸಾಬ್ರು ತೆಗೆದ ಪಟ ಅಚ್ಚಾದ್ರೆ ನಮ್ಮ ಹಟ್ಟಿಗೂ ಒಂದು ಕೊಡಿಸು. ನಮ್ಮ ಹೈಕ್ಳು ನೋಡ್ಕಳ್ಳಿ.”

ಭೀಮಕ್ಕ ಹೋದಮೇಲೆ ಅಫ್ಜಲುನ್ನೀಸಾ ಬೆಣ್ಣೆಯ ಕೈ ತೊಳೆಯುವುದನ್ನೂ ಮರೆತು ನಿಂತಿದ್ದಳು. ಬಿಳೀ ದಾರ ಸುತ್ತಿದ ಹಾಗೆ. ಬಾಗಿದ ಗೆರೆಗಳ ಹತ್ತಿರ ಚಾಕು ತಡೆದ ಆ ಒಂದು ಗಳಿಗೆ ನೆನಪಾಯಿತು. ಕೈ ಒರೆಸಿಕೊಂಡು, ತೊಳೆಯಲು ಇಟ್ಟಿದ್ದ ಪ್ಲೇಟುಗಳೊಳಗಿಂದ ಆ ಹಾಳಾದ ಇನ್ನೊಂದನ್ನು ಹುಡುಕಿ ತೆಗೆದು ಮಬ್ಬು ಗಾಜಿನ ಮೇಲಿಟ್ಟಳು. ಅಪ್ಪನ ಭೂತಗನ್ನಡಿಯನ್ನು ಕಣ್ಣಿಗೆ ಹಿಡಿದಳು.

ಕ್ಯಾಮೆರಾದ ಬಾಯಿ ತೆರೆದಿದ್ದಾಗ ಹಾವು ಮಿಸುಕಿತ್ತು. ಸುರುಳಿಯ ಅಂಚು ಉಗಿ ಹತ್ತಿದ ಹಾಗೆ ಮಸುಕಾಗಿತ್ತು. ಅದರ ಮೇಲೆ ಕೆಲವು ಗೆರೆಗಳು ಮಾತ್ರ ಕೂದಲಿನಷ್ಟು ಚೊಕ್ಕವಾಗಿದ್ದವು, ಎಲ್ಲವೂ ನೆಟ್ಟಗಿನವು. ಬಾಗಿದ ಗೆರೆಗಳು ಹಾವಿನ ಜೊತೆಗೇ ಮಸುಕಾಗಿದ್ದವು. ಆಕೆ ಪ್ಲೇಟನ್ನು ತಿರುಗಿಸಿ ಮತ್ತೆ ನೋಡಿದಳು. ಕಿಟಕಿ ಅಲ್ಲಾಡುವುದಿಲ್ಲ, ಗಾಜೂ ಅಲ್ಲಾಡುವುದಿಲ್ಲ; ಅವುಗಳಿಂದ ಬಂದ ಗೆರೆ ಅಲ್ಲಾಡಲು ಕಾರಣವಿಲ್ಲ. ಹಾವು ಮಿಸುಕಿದಾಗ ಅದರೊಂದಿಗೆ ಮಿಸುಕಿದ ಗೆರೆ ಹಾವಿನದೇ. ಆಕೆ ಎರಡನ್ನೂ ಕೆರೆದು ಹಾಕಿದ್ದಳು. ನಾಳೆ ಸಂಜೆ ಆ ಚಿತ್ರ ಬೆಂಗಳೂರಿನ ಬಸ್ಸು ಹತ್ತುತ್ತದೆ. ಅಚ್ಚಾಗಿ, ಕೆಳಗೆ ‘ಕಟ್ಟುಹಾವು’ ಎಂದು ಹೆಸರು ಹೊತ್ತು ನಾಲ್ಕು ತಾಲ್ಲೂಕಿನ ಗೋಡೆಗಳ ಮೇಲೆ ಕೂರುತ್ತದೆ. ಕಂಬಳಿಯಡಿ ಬೆಳ್ಳಿ ಕಡಗದ ಹಾವು ಕಂಡ ಯಾರೋ ಒಬ್ಬ ಮುದ್ದಪ್ಪ ಆ ಗೋಡೆ ನೋಡಿ, ಇದು ಅದಲ್ಲ ಎಂದುಕೊಂಡು ಮತ್ತೆ ಮಲಗುತ್ತಾನೆ.

ಸಂಜೆಯ ಅಸರ್ ನಮಾಜಿನ ಹೊತ್ತಿಗೆ ಜಹೀರ್ ಮನೆಗೆ ಬಂದಾಗ ಆಕೆ ಆ ಪ್ಲೇಟಿನ ಮುಂದೆಯೇ ಕುಳಿತಿದ್ದಳು. ಹೇಳಿದಳು. ಅವನು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದ.

“ಅಷ್ಟೂ ತೆಗೆದುಬುಡು ಅಂದದ್ದು ನಾನು” ಎಂದ ಕೊನೆಗೆ.

“ಚಾಕು ಹಿಡಿದದ್ದು ನಾನು. ಮನುಷ್ಯರಿಗಾದರೆ ಒಂದು ಗೆರೆ ಬಿಡ್ತಿದ್ದೆ. ಆ ಬಡಪಾಯಿಗೆ ಒಂದನ್ನೂ ಬಿಡಲಿಲ್ಲ.”

“ಬಡಪಾಯಿ ಅಂತೀಯಲ್ಲ ಅದನ್ನ.”

ಆಕೆ ನಗಲಿಲ್ಲ. “ಇನ್ಮೇಲೆ ತುಮಕೂರಿಗೇ ಕಳಿಸಿ ಪ್ಲೇಟು. ನನ್ನ ಕೈ ನನಗೇ ನಂಬಿಕೆ ಬರ್ತಿಲ್ಲ.”

ಜಹೀರ್ ಚಾಕುವನ್ನು ಅದರ ಬಟ್ಟೆಯಲ್ಲಿ ಸುತ್ತಿ, ಡೆಸ್ಕಿನ ಮೂಲೆಯಲ್ಲಿ ಅದರ ಜಾಗದಲ್ಲೇ ಇಟ್ಟ. “ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗ್ತೀನಿ. ಇನ್ನೊಂದು ಪ್ಲೇಟು ತೆಗೀತೀನಿ.”

“ನಾನೂ ಬರ್ತೀನಿ. ನೋಡದೇ ಇರೋದನ್ನ ತಿದ್ದೋಕೆ ಹೋಗಿ ಹೀಗಾಯ್ತು. ಒಂದು ಸಲ ಅದನ್ನ ಕಣ್ಣಲ್ಲಿ ನೋಡಬೇಕು.”

ಶನಿವಾರ ಬೆಳಿಗ್ಗೆ ಕ್ಯಾಮೆರಾ ಜಹೀರನ ಮಡಿಲಲ್ಲಿ, ಮುಕ್ಕಾಲಿ ಬಸ್ಸಿನ ಮೇಲೆ. ಬಡವನಹಳ್ಳಿಯಲ್ಲಿ ಬಸ್ಸು ನಿಂತಾಗ, ಮೊನ್ನೆ ಮದುವೆಯಲ್ಲಿ ಕಂಡಿದ್ದ ಒಬ್ಬ ಮುದುಕ ಕಿಟಕಿಗೆ ಬಂದು, “ಏನ್ ಸಾಬ್ರೇ, ಸಂಸಾರ ಸಮೇತ ಹೊಂಟ್ರಿ, ಯಾರ ಮದ್ವೆ?” ಎಂದ.

“ಮದುವೆಯಲ್ಲ, ಒಬ್ಬರು ಮುಖ ಮುಚ್ಕೊಂಡಿದ್ರು. ಇನ್ನೊಂದು ಸಲ ತೆಗೀಬೇಕು” ಎಂದ ಜಹೀರ್. ಬುರ್ಕಾದ ಒಳಗೆ ಅಫ್ಜಲುನ್ನೀಸಾಳಿಗೆ ಹಿಂದಿನ ದಿನದಿಂದ ಮೊದಲ ಸಲ ನಗು ಬಂತು.

ಶಾಲೆಗೆ ರಜೆಯಿತ್ತು. ಜೂ ಕೋಣೆಯ ಬಾಗಿಲಲ್ಲಿ ಜವಾನ ದೊಡ್ಡಹನುಮಯ್ಯ ಬೀಡಿ ಸೇದುತ್ತಾ ಕುಳಿತಿದ್ದ. ಹಾವುಗಳನ್ನು ಹಿಡಿಯುವವನೂ ನೋಡಿಕೊಳ್ಳುವವನೂ ಅವನೇ. ಒಳಗೆ ಹೋಗಿ ನೋಡಿದರೆ ಕಟ್ಟುಹಾವಿನ ಪೆಟ್ಟಿಗೆಯಲ್ಲಿ ಬರೀ ಮರಳು.

“ಅದು ಏನೂ ತಿಂತಿರ್ಲಿಲ್ಲ ಸಾಬ್ರೇ. ಫೋಟ ಆಯ್ತಲ್ಲ, ತಿರುಗಿ ಬುಟ್‌ಬುಡು ಅಂತ ಮೇಷ್ಟ್ರು ಹೇಳೋಗಿದ್ರು.”

ಅಫ್ಜಲುನ್ನೀಸಾ ಪೆಟ್ಟಿಗೆಯ ಗಾಜಿಗೆ ಮುಖ ಹತ್ತಿಸಿ ಮರಳಲ್ಲೆಲ್ಲಾ ಹುಡುಕಿದಳು. “ಬಿಟ್ಟುಬಿಟ್ರಾ?” ಎಂದು ಕೇಳಿದ್ದು ಜಹೀರ್.

“ಈ ಬಿಸ್ಲಲ್ಲಿ ಬಂಡೆ ಮ್ಯಾಲೆ ಬುಟ್ರೆ ಹಪ್ಪಳ ಆಗೋಗ್ತದೆ. ಸಂಜೆ ತಂಪೊತ್ನಲ್ಲಿ ಬುಡಾನ ಅಂತ ಮಡಕೇಲಿ ಇಕ್ಕಿವ್ನಿ” ಎಂದು ದೊಡ್ಡಹನುಮಯ್ಯ ಮೂಲೆ ತೋರಿಸಿದ. ಬಾಯಿಗೆ ಬಟ್ಟೆ ಕಟ್ಟಿದ ಒಂದು ಮಡಕೆ ಅಲ್ಲಿತ್ತು.

ಮೇಷ್ಟ್ರು ಕೊರಟಗೆರೆಯ ಬಸ್ಸಿಳಿದು ನೆಟ್ಟಗೆ ಶಾಲೆಗೇ ಬಂದರು. ಲಕೋಟೆ ಅವರ ಮೇಜಿನ ಮೇಲೆ ಒಡೆಯದೆ ಬಿದ್ದಿತ್ತು. ಜಹೀರ್ ಮಾತು ಶುರು ಮಾಡುವ ಮೊದಲೇ ಅಫ್ಜಲುನ್ನೀಸಾ ಮುಂದೆ ಬಂದಳು. ಅಪರಿಚಿತ ಗಂಡಸಿನೊಡನೆ ಆಕೆ ಮಾತಾಡಿದ್ದು ಅದೇ ಮೊದಲು. ಹೆಚ್ಚು ಹೇಳಲಿಲ್ಲ.

“ಮೇಷ್ಟ್ರೇ, ಕಟ್ಟುಹಾವಿನ ಕಟ್ಟು ಕೆರೆದವಳು ನಾನು. ಗಾಜಿನ ಹೊಳಪು ಅಂದ್ಕೊಂಡೆ.”

ಮೇಷ್ಟ್ರು ಲಕೋಟೆ ಒಡೆದು ಚಿತ್ರವನ್ನು ಬೆಳಕಿಗೆ ಹಿಡಿದರು. ಎಣ್ಣೆ ಸವರಿದಂತೆ ಮಿನುಗುವ, ಹೆಸರಿಲ್ಲದ ಒಂದು ಕರೀ ಹಾವು. ಕನ್ನಡಕ ತೆಗೆದು ಒರೆಸಿಕೊಂಡರು. “ಬೆಂಗಳೂರಲ್ಲಿ ಕತ್ತಲಾದಮೇಲೆ ಇಳಿದು, ಲಕೋಟೆ ಒಡೆಯದೆ ಹಾಗೇ ಕೊಟ್ಟುಬಿಡ್ತಿದ್ದೆನೇನೋ” ಎಂದರು. ಆಮೇಲೆ, “ಕಿಟಕಿಗೆ ಎದುರಾಗಿ ಪೆಟ್ಟಿಗೆ ಇಡಿಸಿದವನು ನಾನಮ್ಮ. ನೋಡುವವರಿಗೆ ಬೆಳಕಿರಲಿ ಅಂತ. ಫೋಟೋದ ಯೋಚನೆ ಮಾಡಲಿಲ್ಲ.”

“ಇಲ್ಲ, ಹೇಳಿದ್ದು ನಾನು” ಎಂದ ಜಹೀರ್.

“ತಪ್ಪು ಹಂಚ್ಕಳಾದು ಆದಮ್ಯಾಕೆ ಹೇಳಿ” ಎಂದ ದೊಡ್ಡಹನುಮಯ್ಯ. “ಹುಳ ಮಡಕೇಲಿ ಕಾಯ್ಕಂಡು ಕುಂತದೆ.”

ಅವನು ಮಡಕೆಯನ್ನು ಪೆಟ್ಟಿಗೆಯ ಬಾಯಿಗಿಟ್ಟು ಕೊಕ್ಕೆಕೋಲಿನಿಂದ ಬಟ್ಟೆ ಸರಿಸಿದ. ಹಾವು ಎಣ್ಣೆ ಸುರಿದಂತೆ ಕೆಳಗಿಳಿದು, ಮರಳಿನ ಮೇಲೆ ಒಂದು ಸುತ್ತು ಹೋಗಿ, ಮೂಲೆಯಲ್ಲಿ ಸುರುಳಿ ಸುತ್ತಿಕೊಂಡಿತು. ಪೆಟ್ಟಿಗೆಯ ಮೇಲ್ಗಡೆ ತಂತಿಯ ಜಾಲರಿ. ಅದರ ನೇರಕ್ಕೆ ಸೂರಿನಲ್ಲಿ ಒಂದು ಗಾಜಿನ ಹೆಂಚಿತ್ತು. ಬೆಳಕಿಗೆ ಕೊರತೆಯಿರಲಿಲ್ಲ. ಆದರೆ ಎದುರಿನ ಕಿಟಕಿಗೆ ಬಾಗಿಲಿಲ್ಲ, ಬರೀ ಸರಳು. ಜಹೀರ್ ಕ್ಯಾಮೆರಾ ಇಟ್ಟು, ಕರೀ ಬಟ್ಟೆಯೊಳಗೆ ತಲೆ ತೂರಿಸಿ ನೋಡಿದ.

“ಮತ್ತದೇ ಗೆರೆ. ಈ ಬಟ್ಟೆ ಕಿಟಕಿಗೆ ಕಟ್ಟಿದರೆ ನನಗೆ ಒಳಗೆ ನೋಡೋಕೆ ಕಾಣಿಸಲ್ಲ.”

ದೊಡ್ಡಹನುಮಯ್ಯ ತನ್ನ ಪಂಚೆ ಕಟ್ಟಲು ಹೇಳಿದ. ಬಿಳೀ ಪಂಚೆ ಕಿಟಕಿಗಿಂತ ಜಾಸ್ತಿ ಹೊಳೆಯುತ್ತದೆ ಎಂದರು ಮೇಷ್ಟ್ರು. ಅವರು ಯೋಚಿಸುತ್ತಿದ್ದಾಗ ಅಫ್ಜಲುನ್ನೀಸಾ ಕ್ಯಾಮೆರಾದ ಹಿಂದೆ ಹೋಗಿ, ಕಿಟಕಿಗೆ ಬೆನ್ನು ಮಾಡಿ ನಿಂತಳು. ಕರೀ ಬುರ್ಕಾದ ಎರಡೂ ಅಂಚುಗಳನ್ನು ಹಿಡಿದು ಕೈಗಳನ್ನು ಅಗಲಕ್ಕೆ ಎತ್ತಿದಳು.

ಗಾಜು ಇಲ್ಲವಾಯಿತು.

ಅಲ್ಲಿ ಹಾವು ಮಾತ್ರ ಉಳಿಯಿತು. ಆಕೆ ಅದನ್ನು ಜಾಲರಿ ಮುಸುಕಿನ ಸಣ್ಣ ಕಿಂಡಿಗಳಿಂದ ನೋಡಿದಳು. ನೀಲಿ ಬೆರೆತ ಕಪ್ಪು ಮೈ. ಅದರ ಮೇಲೆ ಹಾಲಿನ ಬಣ್ಣದ ಸಣ್ಣ ಕಟ್ಟುಗಳು, ಎರಡೆರಡು ಜೊತೆಯಾಗಿ. ಕತ್ತಿನ ಕಡೆಗೆ ಹೋದಂತೆ ತೆಳುವಾಗಿ ಚುಕ್ಕೆಗಳಾಗಿ ಕರಗಿದ್ದವು. ಕೈ ಇಳಿಸಿದಳು. ಕಿಟಕಿಯ ಸರಳುಗಳು ಬಂದು ಹಾವಿನ ಮೇಲೆ ಮಲಗಿದವು. ಎತ್ತಿದಳು, ಸರಳುಗಳು ಹೋದವು, ಕಟ್ಟುಗಳು ಇದ್ದಲ್ಲೇ ಇದ್ದವು. ಇನ್ನೊಂದು ಸಲ ಇಳಿಸಿ, ಎತ್ತಿದಳು.

“ಅಫ್ಜಲ್, ರೆಕ್ಕೆ ಬಡಿಯೋದು ಸಾಕು” ಎಂದ ಜಹೀರ್ ಬಟ್ಟೆಯೊಳಗಿಂದ. “ಹಾರಿಹೋದೀಯ. ಈಗ ಅಲ್ಲಾಡಬೇಡ.”

ಕಿಟಕಿ ಮುಚ್ಚಿ ಸೂರಿನ ಬೆಳಕೊಂದೇ ಉಳಿದದ್ದರಿಂದ ಕ್ಯಾಮೆರಾದ ಬಾಯನ್ನು ಬಹಳ ಹೊತ್ತು ತೆರೆದಿಡಬೇಕಿತ್ತು; ಹಾವು ಪೂರಾ ನಿಶ್ಚಲವಾಗಲೆಂದು ಜಹೀರ್ ಕಾದ. ಅಫ್ಜಲುನ್ನೀಸಾಳ ತೋಳು ಸೋತು ನಡುಗಲು ಶುರುವಾಯಿತು. ಅಪ್ಪನ ಮಾತು ನೆನೆದು ಉಸಿರು ಬಿಗಿಹಿಡಿದಳು. ಕೈ ನಿಂತಿತು. ಅಷ್ಟರಲ್ಲಿ ಹಾವು ಸುರುಳಿಯೊಳಗಿಂದ ತಲೆ ಹೊರಗಿಟ್ಟಿತು. ಇಟ್ಟು, ಹಾಗೇ ಸುಮ್ಮನಾಯಿತು. ಚಿಕ್ಕ ತಲೆ, ಕಾಡಿಗೆಯ ಚುಕ್ಕೆಯಂಥ ಕಣ್ಣು. ಜಹೀರ್ ಆಗ ಕ್ಯಾಮೆರಾದ ಬಾಯಿ ತೆರೆದು, ಎಣಿಸಿ ಮುಚ್ಚಿದ.

“ಆಯ್ತು” ಎಂದ ಜಹೀರ್. ಅವನ ಮುಖ ಬೆವರಿನಲ್ಲಿ ತೊಯ್ದಿತ್ತು. “ಮುಖ ತೋರಿಸ್ತು.”

ಮೇಷ್ಟ್ರು ಬೆಂಗಳೂರಿನ ಪ್ರಯಾಣವನ್ನು ಸೋಮವಾರಕ್ಕೆ ಹಾಕಿದರು. ಸಂಜೆ ದೊಡ್ಡಹನುಮಯ್ಯ ಬೆಟ್ಟದ ಹಿಂದಿನ ಪೊದೆಗಳಲ್ಲಿ ಹಾವನ್ನು ಬಿಟ್ಟ. ಶಿರಾಕ್ಕೆ ಹಿಂದಿರುಗಿ ಪ್ಲೇಟು ತೊಳೆದು ಒಣಗಿಸಿದ ಮೇಲೆ ಜಹೀರ್ ಅದನ್ನು ಎಂದಿನಂತೆ ಡೆಸ್ಕಿನ ಮೇಲಿಟ್ಟ. ಅಫ್ಜಲುನ್ನೀಸಾ ತಲೆಕೆಳಗು ಮಾಡಿ ನೋಡಿದಳು, ನೇರ ಮಾಡಿ ನೋಡಿದಳು. ಒಂದು ಕಡೆ ಧೂಳಿನ ಚುಕ್ಕೆಯೊಂದಿತ್ತು, ಮರಳಿನ ಮೇಲೆ. ಸೀಸದಕಡ್ಡಿ ಹೆರೆದು ಆ ಚುಕ್ಕೆಯನ್ನು ತುಂಬಿದಳು. ಚಾಕುವನ್ನು ಬಿಚ್ಚಲಿಲ್ಲ.

“ತುಮಕೂರಿಗೆ ಕಳಿಸಲಾ?” ಎಂದ ಜಹೀರ್.

“ಚುಕ್ಕೆಗೆಲ್ಲಾ ಯಾಕೆ ತುಮಕೂರು” ಎಂದಳು. ಅಂದಿನಿಂದ ಮತ್ತೆ ಮುಖಗಳನ್ನು ತಿದ್ದತೊಡಗಿದಳು. ಗುರುತು ಸಿಗದ ಗೆರೆ ಬಂದರೆ ಮಾತ್ರ ಗಂಡನನ್ನು ಕೂಗಿ, ಇದು ಗಾಯವೋ ಗಾಜೋ ಎಂದು ಕೇಳುತ್ತಿದ್ದಳು. ಅವನಿಗೆ ನೆನಪಿಲ್ಲದಿದ್ದರೆ ಗಿರಾಕಿ ಮತ್ತೆ ಬರುವ ತನಕ ಆ ಪ್ಲೇಟನ್ನು ಮುಟ್ಟುತ್ತಿರಲಿಲ್ಲ.

ಚಾರ್ಟು ಅಚ್ಚಾಗಿ ಶಾಲೆಗಳಿಗೂ ಆಸ್ಪತ್ರೆಗಳಿಗೂ ಹೋಯಿತು. ಪಾವಗಡದ ಕಡೆಗೆ ಹೋದ ಪ್ರತಿಗಳಲ್ಲಿ ಮೇಷ್ಟ್ರು ತಾವೇ ಕೂತು ‘ಕಟ್ಲಪಾಮು’ ಎಂದು ತೆಲುಗಿನವರು ಕರೆಯುವ ಹೆಸರನ್ನೂ ಕೆಳಗೆ ಬರೆದರು. ಭೀಮಕ್ಕನ ಹಟ್ಟಿಗೆಂದು ಅಫ್ಜಲುನ್ನೀಸಾ ಕಟ್ಟುಹಾವಿನ ಒಂದು ಪ್ರಿಂಟನ್ನು ಬೇರೆಯಾಗಿ ಕೊಟ್ಟಳು.

ಎರಡು ಸಂತೆ ಕಳೆದ ಮೇಲೆ ಭೀಮಕ್ಕ ಆ ಚಿತ್ರವನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು. ಬಿಚ್ಚಿ ನೋಡಿದರೆ ಹಾವಿನ ಮೈ ತುಂಬ ಅರಿಸಿನ ಕುಂಕುಮ. ಒಂದು ಕಟ್ಟೂ ಕಾಣುತ್ತಿರಲಿಲ್ಲ.

“ನಮ್ಮತ್ತೆ ಕೊಲ್ಲಾಪುರಮ್ಮ ಮಾಡಿದ್ದು. ಹುಳ ಅಂದ್ರೆ ದ್ಯಾವ್ರಲ್ವಾ, ಬರೀ ಹಣೇಲಿ ಹೆಂಗೆ ಕುಂಡ್ರಿಸಾದು ಅಂದ್ಲು. ಬ್ಯಾಡ ಅನ್ನಾಕಾಯ್ತದಾ? ಈಗ ಹೈಕ್ಳು ಕೇಳಿದ್ರೆ ಕೆಂಪು ಹುಳ ಅಂತವೆ.”

ಅಫ್ಜಲುನ್ನೀಸಾ ಬಹಳ ಹೊತ್ತು ನಕ್ಕಳು. ಹತ್ತಿ ಒದ್ದೆ ಮಾಡಿ ಒರೆಸಿ ನೋಡಿದಳು, ಬಣ್ಣ ಕಾಗದಕ್ಕಿಳಿದಿತ್ತು. ಹೊಸ ಪ್ರಿಂಟು ಹಾಕಲು ಗಂಡನಿಗೆ ಹೇಳಿ, ತಾನು ತೊಳೆಯುವ ಪ್ಲೇಟುಗಳ ಕಡೆ ಹೋದಳು. ಕೆರೆದು ಹಾಳು ಮಾಡಿದ ಆ ಮೊದಲ ಪ್ಲೇಟು ಅಲ್ಲೇ ಇತ್ತು. ತೊಳೆಯಲು ಮನಸ್ಸು ಬಂದಿರಲಿಲ್ಲ. ಈಗ ಅದನ್ನು ಬಿಸಿ ಸೋಡಾನೀರಿಗೆ ಹಾಕಿದಳು. ಗೆರೆಯಿಲ್ಲದ ಹಾವು ಪೊರೆಯಂತೆ ಎದ್ದು ನೀರಿನಲ್ಲಿ ತೇಲಿ ಹೋಯಿತು. ಉಳಿದ ಗಾಜನ್ನು ಒರೆಸಿ, ಹೊಸ ಚಿತ್ರದ ಮೇಲೆ ಕೂರಿಸಿ, ಜಹೀರ್ ಮರದ ಕಟ್ಟು ಹೊಡೆಯುವ ತನಕ ಹಿಡಿದುಕೊಂಡಳು. ಅಳತೆ ಸರಿಯಾಗಿಯೇ ಇತ್ತು.

“ನಿಮ್ಮತ್ತೆಗೆ ಹೇಳು ಭೀಮಕ್ಕ, ಇನ್ನು ಎಷ್ಟು ಕುಂಕುಮ ಬೇಕಾದರೂ ಇಡಲಿ. ಗಾಜಿನ ಮೇಲೆ ಇಡಲಿ. ಪೂಜೆ ಆದಮೇಲೆ ಮಾತ್ರ ಒದ್ದೆ ಬಟ್ಟೇಲಿ ಒರೆಸಿಬಿಡಬೇಕು.”

ಭೀಮಕ್ಕ ಬೆರಳಿನಿಂದ ಗಾಜನ್ನು ಮುಟ್ಟಿದಳು, ಒಂದೊಂದೇ ಕಟ್ಟಿನ ಮೇಲೆ.

“ಇದೇ ಕಣಮ್ಮ” ಎಂದಳು.

ಕಟ್ಟು ಹಾಕಿದ ಆ ಚಿತ್ರ ಹಟ್ಟಿಯ ಗುಡಿಯ ಬಾಗಿಲ ಪಕ್ಕ ಬಹಳ ವರ್ಷ ಇತ್ತು. ಕಳ್ಳೇಕಾಯಿ ಕಾಲದಲ್ಲಿ ಕ್ಯಾತಣ್ಣ ನೆಲದ ಮೇಲೆ ಕಂಬಳಿ ಹಾಸುವುದನ್ನು ಬಿಟ್ಟು ಹಗ್ಗದ ಮಂಚ ಹೆಣೆದುಕೊಂಡ. ಅವನನ್ನು ನೋಡಿ ಉಳಿದವರೂ ಹೆಣೆದರು. ಕೊಲ್ಲಾಪುರಮ್ಮ ಶುಕ್ರವಾರ ಗಾಜಿನ ಮೇಲೆ ಕುಂಕುಮ ಇಡುತ್ತಿದ್ದಳು. ಶನಿವಾರ ಬೆಳಿಗ್ಗೆ ಭೀಮಕ್ಕ ಸೆರಗಿನ ತುದಿ ಒದ್ದೆ ಮಾಡಿಕೊಂಡು ಹೋಗಿ ಒರೆಸಿಬಿಟ್ಟು, ಆಮೇಲೆ ಬೆಣ್ಣೆ ಗಡಿಗೆ ಎತ್ತಿಕೊಂಡು ಶಿರಾಕ್ಕೆ ಹೊರಡುತ್ತಿದ್ದಳು.